ಕಿಸೆಯ ಚೂರಿಗೆ ಎರಡು ಹದ

ಮಲ್ಲಿಗೆಯ ಕಡ್ಡಿ ಕತ್ತರಿಸಲು, ಬಾಳೆನಾರು ಸೀಳಲು, ಮಾವಿನಕಾಯಿ ಹೆಚ್ಚಲು ಎಲ್ಲೂರಿನಂಥ ಹಳ್ಳಿಯಲ್ಲಿ ಕಿಸೆಗೊಂದು ಮಡಚುವ ಚೂರಿ ಇದ್ದರೆ ಅನುಕೂಲ. ಆಚಾರಿಯವರಿಗೆ ಹೇಳಿ ಮಾಡಿಸುವಾಗ ಏನನ್ನು ಗಮನಿಸಬೇಕು?

ಈ ಚೂರಿಯಲ್ಲಿ ಉಕ್ಕಿನ ಮುಖ್ಯ ಭಾಗಗಳು ಎರಡು. ಒಂದು ಅಲಗು. ಇನ್ನೊಂದು, ಹಿಡಿಯ ಬೆನ್ನಿನಲ್ಲಿದ್ದು ಅಲಗನ್ನು ಅದುಮಿ ಹಿಡಿಯುವ ಸ್ಪ್ರಿಂಗು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಎರಡನ್ನೂ ಮಾಡಬಹುದು. ಅದರಲ್ಲಿ ಶೇಕಡಾ 0.6ರ ಆಸುಪಾಸು ಇಂಗಾಲವಿರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಬಹಳ ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಆದ್ದರಿಂದ ಉಜ್ಜಿ ಹೊಳಪು ಮಾಡಿ ಮತ್ತೆ ಹಿತವಾಗಿ ಕಾಯಿಸಬೇಕು. ಆಗ ಆಕ್ಸೈಡಿನ ತೆಳುಪದರ ಬೆಳೆದು ಬಣ್ಣ ಮೂಡುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ಸುಮಾರು 300ರಲ್ಲಿ ನೀಲಿ. ಅಲಗಿಗೆ ಹಳದಿಯ ಹದ, ಸ್ಪ್ರಿಂಗಿಗೆ ನೀಲಿಯ ಹದ. ಅಲಗು ನೀಲಿಗೆ ಹೋದರೆ ಹರಿತ ಬೇಗ ಕೆಡುತ್ತದೆ. ಸ್ಪ್ರಿಂಗು ಹಳದಿಯಲ್ಲೇ ನಿಂತರೆ ಒಂದು ದಿನ ಪಟ್ಟನೆ ಮುರಿದು, ಅಲಗು ಬೆರಳಿನ ಮೇಲೆ ಮಡಚಿಕೊಂಡೀತು!

ಹಾಗಾಗಿ ಚೂರಿ ಕೈಗೆ ಬಂದಾಗ ಹರಿತಕ್ಕಿಂತ ಮೊದಲು ಸ್ಪ್ರಿಂಗನ್ನು ಪರೀಕ್ಷಿಸಿ. ತೆರೆದಾಗಲೂ ಮಡಚಿದಾಗಲೂ ಅಲಗು ‘ಟಕ್’ ಎಂದು ಗಟ್ಟಿಯಾಗಿ ನಿಲ್ಲಬೇಕು. ಮಾವಿನಕಾಯಿ ಹೆಚ್ಚಿದ ಮೇಲೆ ಅಲಗು ಕಪ್ಪಾದರೆ ಗಾಬರಿ ಬೇಡ. ಕಾಯಿಯ ಹುಳಿ ಮತ್ತು ಟ್ಯಾನಿನ್ ಕಬ್ಬಿಣದೊಡನೆ ವರ್ತಿಸಿದ ಗುರುತು ಅದು. ಆದರೆ ಕಡಲ ಉಪ್ಪುಗಾಳಿಯಿಂದ ತುಕ್ಕು ಬೇಗ ಹಿಡಿಯುತ್ತದೆ. ಬಳಸಿದ ಕೂಡಲೇ ಒರೆಸಿ, ಕೀಲಿಗೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಡಿ.

ಪಾಲಕರಿಗೊಂದು ಮಾತು: ಇಂಥ ಚೂರಿಗೆ ಬೀಗವಿಲ್ಲ, ಸ್ಪ್ರಿಂಗಿನ ಒತ್ತಡವೊಂದೇ ಆಧಾರ. ಇದರಿಂದ ಚುಚ್ಚಬಾರದು, ಅಲಗಿನ ಬೆನ್ನಿನ ಮೇಲೆ ಒತ್ತಬಾರದು. ಇದನ್ನು ಕಲಿಸಿದ ಮೇಲೆಯೇ ಮಕ್ಕಳ ಕೈಗೆ ಕೊಡಿ.