ಮಾಣಿಕ್ಯ ಅಲ್ಲದಿದ್ದರೇನಂತೆ?

ಸ್ಪಿನೆಲ್ ಅನ್ನೋ ಹರಳಿನ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ನಮ್ಮ ಕಡೆ ಕೆಂಪಗೆ ಹೊಳೆಯೋದೆಲ್ಲ 'ಕೆಂಪಿನ ಹರಳು', ಅಂದ್ರೆ ಮಾಣಿಕ್ಯ. ಅದಲ್ಲ ಅಂತಾದ್ರೆ ಡೂಪ್ಲಿಕೇಟು. ಇವೆರಡರ ಜೊತೆಗೆ ಮೂರನೇದೂ ಒಂದಿದೆ ಅನ್ನೋದೇ ನಮ್ಮ ಲೆಕ್ಕದಲ್ಲಿಲ್ಲ. ಈ ಪೋಸ್ಟು ಆ ಮೂರನೇದರ ಪರವಾಗಿ ಒಂದು ವಕಾಲತ್ತು ಅಂದ್ಕೊಳ್ಳಿ :)

ಮೊದಲು ಸ್ವಲ್ಪ ಕೆಮಿಸ್ಟ್ರಿ, ಹೆದರಬೇಡಿ. ಮಾಣಿಕ್ಯ ಅಂದ್ರೆ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಮೆಗ್ನೀಸಿಯಮ್ಮೂ ಸೇರಿಕೊಂಡು ಬೇರೆ ಥರ ಹರಳುಗಟ್ಟಿದ್ರೆ ಸ್ಪಿನೆಲ್. ಎರಡಕ್ಕೂ ಕೆಂಪು ಬಣ್ಣ ಕೊಡೋದು ಕ್ರೋಮಿಯಮ್ಮೇ. ಬರ್ಮಾದ ಮೊಗೋಕ್‌ನಲ್ಲಿ ಎರಡೂ ಅಕ್ಕಪಕ್ಕವೇ ಸಿಗ್ತವೆ. ಹೀಗಿರೋವಾಗ ಶತಮಾನಗಟ್ಟಲೆ ಜನ ಎರಡನ್ನೂ ಒಂದೇ ಅಂದ್ಕೊಂಡಿದ್ರಲ್ಲಿ ಆಶ್ಚರ್ಯ ಏನಿಲ್ಲ. ಇವು ಬೇರೆ ಬೇರೆ ಖನಿಜ ಅಂತ ಫ್ರಾನ್ಸಿನ ರೋಮೆ ದ ಲೀಲ್ ತೋರಿಸಿಕೊಟ್ಟಿದ್ದು 1783ರಲ್ಲಿ.

ಅಷ್ಟರಲ್ಲಿ ರಾಜರ ಖಜಾನೆಗಳು ಸ್ಪಿನೆಲ್‌ನಿಂದ ತುಂಬಿಹೋಗಿದ್ದವು! ಬ್ರಿಟಿಷ್ ಕಿರೀಟದ ಮುಂಭಾಗದಲ್ಲಿ ಕೂತಿರೋ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ರೂಬಿ ಅಲ್ಲ, ಸುಮಾರು 170 ಕ್ಯಾರೆಟ್ಟಿನ ಸ್ಪಿನೆಲ್. 'ತೈಮೂರ್ ರೂಬಿ' ಕೂಡ ಅಷ್ಟೇ, 350 ಕ್ಯಾರೆಟ್ಟಿಗಿಂತ ಹೆಚ್ಚು ತೂಕದ ಸ್ಪಿನೆಲ್. ಅದರ ಮೇಲೆ ಮೊಘಲ್ ಬಾದಶಹರ ಹೆಸರು ಕೆತ್ತಿದೆ. 1849ರಲ್ಲಿ ಲಾಹೋರಿನ ಖಜಾನೆಯಿಂದ ಕಂಪನಿಯವರ ಕೈಸೇರಿ, ಆಮೇಲೆ ವಿಕ್ಟೋರಿಯಾ ರಾಣಿಗೆ ಹೋಯ್ತು. ಬದಖ್ಶಾನ್ ಕಡೆಯ (ಆ ಹಳೇ ಗಣಿ ಈಗ ತಜಿಕಿಸ್ತಾನದಲ್ಲಿದೆ) ಈ ಹರಳುಗಳನ್ನ ಮೊಘಲರು 'ಲಾಲ್' ಅಂತ ಕರೀತಿದ್ರು. ಬಾದಶಹರು ಹೆಸರು ಕೆತ್ತಿಸಿ ಇಟ್ಕೊಂಡಿದ್ದನ್ನ ನಾವು 'ಬಡವರ ಮಾಣಿಕ್ಯ' ಅಂತೀವಿ ನೋಡಿ...

ಈಗ ನಾನು ಇದನ್ನ ಬರೀತಿರೋದ್ಯಾಕೆ ಅಂದ್ರೆ, ನಮ್ಮ ದೊಡ್ಡಮ್ಮನ ಹತ್ರ ಅವರಮ್ಮನ ಕಾಲದ ಒಂದು ಕೆಂಪಿನ ಉಂಗುರ ಇದೆ. ಮೊಮ್ಮಗಳಿಗೆ ಹೊಸದಾಗಿ ಏನಾದ್ರೂ ಮಾಡಿಸೋಣ ಅಂತ ಅಂಗಡಿಗೆ ತಗೊಂಡ್ಹೋದ್ರು. ಅಂಗಡಿಯವರು ನೋಡಿ, "ಇದು ಮಾಣಿಕ್ಯ ಅಲ್ಲಮ್ಮ" ಅಂದವರೇ ಹರಳಿನ ತೂಕ ಕಳೆದು ಬರೀ ಚಿನ್ನದ ಲೆಕ್ಕ ಹಾಕಿದ್ರು. ಹರಳಿಗೆ ಸೊನ್ನೆ. ಪುಣ್ಯಕ್ಕೆ ಅಕ್ಕ ಜೊತೆಗಿದ್ಲು, ಉಂಗುರ ವಾಪಸ್ ತಂದು ಲ್ಯಾಬಿಗೆ ಕೊಟ್ಲು. ರಿಪೋರ್ಟಿನಲ್ಲಿ ಬಂದಿದ್ದು 'ನ್ಯಾಚುರಲ್ ಸ್ಪಿನೆಲ್'. ದೊಡ್ಡಮ್ಮನಿಗೆ ಮಾತ್ರ ಸಮಾಧಾನ ಇಲ್ಲ. "ಹಾಗಾದ್ರೆ ನಮ್ಮಮ್ಮನಿಗೆ ಮೋಸ ಮಾಡಿದ್ರಾ?" ಅಂತ ಅವರ ಸಂಕಟ.

ನಂಗನ್ಸೋದು ಇಷ್ಟು. ಮಾಣಿಕ್ಯದ ರೇಟು ತಗೊಂಡು ಗೊತ್ತಿದ್ದೂ ಸ್ಪಿನೆಲ್ ಕೊಟ್ರೆ ಅದು ಮೋಸವೇ. ಆದ್ರೆ ಮೋಸ ಬಿಲ್ಲಿನಲ್ಲಿರುತ್ತೆ, ಹರಳಿನಲ್ಲಲ್ಲ. ಆ ಹರಳು ಗಾಜಲ್ಲ, ಭೂಮಿಯೊಳಗೆ ಹುಟ್ಟಿದ್ದೇ. ಗಡಸುತನದಲ್ಲಿ ಮಾಣಿಕ್ಯ 9, ಇದು 8. ದಿನಾ ಹಾಕ್ಕೊಳ್ಳೋ ಉಂಗುರಕ್ಕೆ ಧಾರಾಳ ಸಾಕು. ಹೆಚ್ಚಿನ ಸ್ಪಿನೆಲ್ ನೆಲದಿಂದ ತೆಗೆದ ಮೇಲೆ ಕತ್ತರಿಸಿ ಪಾಲಿಶ್ ಮಾಡಿದ್ದಷ್ಟೇ. ಮಾಣಿಕ್ಯಗಳಲ್ಲಿ ಬಹುಪಾಲು ಕಾಯಿಸಿದ್ದು. ಅಗ್ಗದ ಮಾಣಿಕ್ಯದ ಬಿರುಕುಗಳಲ್ಲಿ ಸೀಸದ ಗಾಜು ತುಂಬಿ ಮಾರೋದೂ ಇದೆ. ಅಂಥದ್ದಕ್ಕೆ ನಿಂಬೆರಸ ತಾಗಿದ್ರೂ ಒಳಗಿನ ಗಾಜು ಹಾಳಾಗುತ್ತೆ! ಚಿತ್ರಾನ್ನ ಕಲಸೋ ಕೈಗೆ ಯಾವುದು ವಾಸಿ, ನೀವೇ ಹೇಳಿ.

ಹಾಗಂತ ಸ್ಪಿನೆಲ್ ಅಂದ ತಕ್ಷಣ ಕಣ್ಮುಚ್ಚಿ ತಗೋಬೇಡಿ. ಫ್ಯಾಕ್ಟರಿಯಲ್ಲಿ ಮಾಡಿದ ಸ್ಪಿನೆಲ್ ಬೇಕಾದಷ್ಟಿದೆ, ಅದರಲ್ಲೂ ನೀಲಿ ಬಣ್ಣದ್ದು. ನವರತ್ನದ ಪಟ್ಟಿಯಲ್ಲೂ ಇದಿಲ್ಲ. ಜಾತಕ ನೋಡಿ ಸೂರ್ಯನಿಗೆ ಅಂತ ಹಾಕ್ಕೊಳ್ಳೋರು ಮಾಣಿಕ್ಯವನ್ನೇ ಕೇಳ್ತಾರೆ, ಅವರ ಜೊತೆ ನನ್ನ ಜಗಳ ಇಲ್ಲ. ಅಂದಕ್ಕೆ ಹಾಕ್ಕೊಳ್ಳೋರಿಗೆ ನಾನು ಹೇಳ್ತಿರೋದು. 2007ರಲ್ಲಿ ತಾಂಜಾನಿಯಾದ ಮಹೆಂಗೆಯಲ್ಲಿ ದೊಡ್ಡ ದೊಡ್ಡ ಹರಳು ಸಿಕ್ಕಿದವು. 2016ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘಟನೆಗಳು ಇದನ್ನ ಆಗಸ್ಟ್ ತಿಂಗಳ ಹರಳುಗಳ ಸಾಲಿಗೆ ಸೇರಿಸಿದ್ವು. ಹೊರಗಿನವರು ಹೆಸರು ಹಿಡಿದು ಕೇಳಿ ಕೊಳ್ತಿದ್ದಾರೆ. ನಮ್ಮಲ್ಲಿ ಮಾತ್ರ ಕಳೆದುಹಾಕೋ ತೂಕ.

ಪರೀಕ್ಷೆ ಅಂಥ ಕಷ್ಟದ್ದೂ ಅಲ್ಲ. ಡೈಕ್ರೋಸ್ಕೋಪ್ ಅಂತ ಬೆರಳುದ್ದದ ಒಂದು ಸಾಧನ ಇದೆ. ಅದರಲ್ಲಿ ನೋಡಿದ್ರೆ ಮಾಣಿಕ್ಯ ಎರಡು ಛಾಯೆಯ ಕೆಂಪು ತೋರಿಸುತ್ತೆ, ಸ್ಪಿನೆಲ್ ಒಂದೇ. ಗಾಜೂ ಒಂದೇ ಬಣ್ಣ ತೋರಿಸುತ್ತಾದ್ದರಿಂದ ಕೊನೇ ಮಾತು ಲ್ಯಾಬಿನದೇ ಆಗ್ಬೇಕು.

ಹಾಗಾಗಿ ನನ್ನ ವಿನಂತಿ ಇಷ್ಟೇ. ಮನೇಲಿ ಹಳೇ ಕೆಂಪಿನ ಓಲೆಯೋ ಉಂಗುರವೋ ಇದ್ದು ಕರಗಿಸೋಕೆ ಕೊಡ್ತಿದ್ರೆ, ಮೊದಲು ಹರಳು ಬಿಚ್ಚಿಸಿ ವಾಪಸ್ ಇಸ್ಕೊಳ್ಳಿ. ಒಂದ್ಸಲ ಲ್ಯಾಬಿನಲ್ಲಿ ತೋರಿಸಿ. ಗಾಜು ಅಂತಾದ್ರೆ ಹೋಗಿದ್ದು ರಿಪೋರ್ಟಿನ ದುಡ್ಡು ಮಾತ್ರ. ಸ್ಪಿನೆಲ್ ಅಂತ ಬಂದ್ರೆ ಸಪ್ಪೆ ಮುಖ ಮಾಡ್ಕೋಬೇಡಿ, ಸ್ಪಿನೆಲ್ ಅಂತಲೇ ಹೇಳ್ಕೊಂಡು ಹಾಕ್ಕೊಳ್ಳಿ.

ನಿಮ್ಮನೆಗಳಲ್ಲೂ ಇಂಥ ಕತೆ ಇದ್ದೇ ಇರುತ್ತೆ. ಕಾಮೆಂಟಿನಲ್ಲಿ ಬರೀರಿ. ಏನಂತೀರ?