ಆರು, ಏಳು, ಎಂಟು: ಯಹೂದಿ ಶಾಲೆಗಳ ಪಾಠ ನಮಗೂ ಬೇಕು

ಫಲಿತಾಂಶ ಹಚ್ಚಿದ ಮರುದಿನ ಒಬ್ಬ ಪಾಲಕರು ಶಾಲೆಗೆ ಬಂದಿದ್ದರು. ಮಗಳು ಐದನೇ ಇಯತ್ತೆ ಪಾಸಾಗಿದ್ದಳು. ಎಲ್.ಸಿ. ಬೇಕು ಅಂದರು. "ಯಾಕ್ರಿ, ನಮ್ಮಲ್ಲೇ ಏಳರ ತನಕ ಐತೆಲ್ಲ?" ಅಂತ ಕೇಳಿದೆ. "ಸಣ್ಣಾಕಿ ಇದ್ದಾಗ ಕನ್ನಡ ಆತ್ರಿ ಗುರುಗಳ. ಇನ್ನ ಮುಂದ ಖರೇ ಓದು ಸುರು ಆಗತೈತಿ" ಅಂದರು.

ಸಿಟ್ಟಿನಿಂದ ಹೇಳಿದ ಮಾತಲ್ಲ, ಕನ್ನಡದ ಮೇಲೆ ದ್ವೇಷವೂ ಇಲ್ಲ. ಮನೆಯಲ್ಲಿ ಅವರು ಆಡುವುದು ಕನ್ನಡವೇ. ಆದರೂ 'ಖರೇ ಓದು' ಎಂಬ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಹಾಗಾದರೆ ಐದು ವರ್ಷ ನಾವು ಕಲಿಸಿದ್ದು ಏನು? ಸುಳ್ಳು ಓದೇ?

ಈ ಪೆಟ್ಟು ತಿಂದವರು ನಾವಷ್ಟೇ ಅಲ್ಲ. ಯಹೂದಿ ಸಮಾಜದ ಶಿಕ್ಷಣದ ಬಗ್ಗೆ ಕೆಲವು ವರ್ಷಗಳಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಎರಡು ಸಾವಿರ ವರ್ಷ ಬೇರೆಯವರ ಊರಲ್ಲಿ, ಬೇರೆಯವರ ಭಾಷೆಯ ನಡುವೆ ಬದುಕಿದ ಜನ ಅವರು. ಗಡಿಯಾಚೆಯ ಕನ್ನಡ ಶಾಲೆಯವರಿಗೆ ಅವರ ಕಥೆ ತೀರ ದೂರದ್ದು ಅನ್ನಿಸಲಿಕ್ಕಿಲ್ಲ.

19ನೇ ಶತಮಾನದ ಕೊನೆಯಿಂದ ಪೂರ್ವ ಯುರೋಪಿನ ಯಹೂದಿಗಳು ಲಕ್ಷಗಟ್ಟಲೆ ಅಮೆರಿಕೆಗೆ ಬಂದರು. ಅಲ್ಲಿ ಸರಕಾರಿ ಶಾಲೆ ಬಿಟ್ಟಿ. ಬಹುತೇಕರು ಮಕ್ಕಳನ್ನು ಅಲ್ಲಿಗೇ ಕಳಿಸಿದರು. ಆದರೆ ಸರಕಾರಿ ಶಾಲೆಯಲ್ಲಿ ಧರ್ಮ ಕಲಿಸುವಂತಿಲ್ಲ. ಹಾಗಾಗಿ ಹೀಬ್ರೂ, ತೋರಾ, ಪ್ರಾರ್ಥನೆ ಎಲ್ಲ ಸಂಜೆಯ ಪಾಠಕ್ಕೋ ಭಾನುವಾರದ ಪಾಠಕ್ಕೋ ಹೋದವು. ಹಗಲೆಲ್ಲ ಶಾಲೆಯಲ್ಲಿ ಕೂತು ದಣಿದ ಹುಡುಗ, ಗೆಳೆಯರು ಹೊರಗೆ ಆಡುವಾಗ, ಇಲ್ಲಿ ಬಂದು ಅಕ್ಷರ ಉರು ಹೊಡೆಯಬೇಕು. ಮಕ್ಕಳು ದಡ್ಡರಲ್ಲ. ಯಾವುದು ಮುಖ್ಯ, ಯಾವುದು ನೆಪಕ್ಕೆ ಎಂಬುದು ವೇಳಾಪಟ್ಟಿ ನೋಡಿದರೇ ಅವರಿಗೆ ಗೊತ್ತಾಗುತ್ತದೆ.

ಇದನ್ನು ಕಂಡ ಕೆಲವರು ಎರಡನ್ನೂ ಒಂದೇ ಮಾಡಿನ ಕೆಳಗೆ ತರಬೇಕೆಂದು ಹೊರಟರು. 1937ರಲ್ಲಿ ನ್ಯೂಯಾರ್ಕಿನಲ್ಲಿ ರಬ್ಬಿ ಜೋಸೆಫ್ ಲುಕ್‌ಸ್ಟೀನ್ ಅವರ ರಾಮಾಜ್ ಶಾಲೆ ಸುರುವಾಯಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ರಬ್ಬಿ ಜೋಸೆಫ್ ಸೊಲೊವೈಚಿಕ್ ಅವರ ಮೈಮೊನೈಡಿಸ್ ಶಾಲೆ ಸುರುವಾಯಿತು. ಇಲ್ಲಿ ಹುಡುಗ ಹುಡುಗಿಯರು ಕೂಡಿಯೇ ಕಲಿತರು, ಗಂಡಸರ ಸೊತ್ತು ಎನ್ನಿಸಿಕೊಂಡಿದ್ದ ತಾಲ್ಮುದ್ ಗ್ರಂಥವನ್ನು ಹುಡುಗಿಯರಿಗೂ ಕಲಿಸಿದರು. ಇಂಥ ಶಾಲೆಗಳಿಗೆ ಅಲ್ಲಿ 'ಡೇ ಸ್ಕೂಲ್' ಅನ್ನುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷ್, ಇತಿಹಾಸ ಒಂದು ಪಾಲು. ಹೀಬ್ರೂ, ತೋರಾ, ಯಹೂದಿ ಇತಿಹಾಸ ಇನ್ನೊಂದು ಪಾಲು. ಎರಡಕ್ಕೂ ತಯಾರಾದ ಶಿಕ್ಷಕರು, ಎರಡಕ್ಕೂ ಪರೀಕ್ಷೆ.

ಇದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆರು, ಏಳು, ಎಂಟನೇ ತರಗತಿ. ನಮ್ಮಲ್ಲಿ ಮಕ್ಕಳು ಕನ್ನಡ ಬಿಡುವ ವಯಸ್ಸು ಅದೇ. ಅವರಲ್ಲಿ ಅದೇ ವಯಸ್ಸಿಗೆ ಓದು ಗಟ್ಟಿಯಾಗುತ್ತದೆ. ಹೀಬ್ರೂ ಲಿಪಿಯಲ್ಲಿ ಬರೆಯುವುದು ಮುಖ್ಯವಾಗಿ ವ್ಯಂಜನಗಳನ್ನು. ಸ್ವರಗಳನ್ನು ಅಕ್ಷರದ ಕೆಳಗೆ ಮೇಲೆ ಚುಕ್ಕಿ, ಗೆರೆ ಹಾಕಿ ತೋರಿಸುತ್ತಾರೆ. ಸಣ್ಣ ಮಕ್ಕಳ ಪುಸ್ತಕದಲ್ಲಿ ಚುಕ್ಕಿ ಇರುತ್ತವೆ, ದೊಡ್ಡವರ ಪುಸ್ತಕದಲ್ಲಿ ಇರುವುದಿಲ್ಲ. ನಮ್ಮ ಕಾಗುಣಿತವನ್ನೆಲ್ಲ ಅಳಿಸಿ ಬರೀ ಕ, ಮ, ಲ ಬಿಟ್ಟರೆ ಹೇಗೋ ಹಾಗೆ! ಮಾತಿನ ಅರ್ಥ ತಿಳಿದವನಿಗೆ ಮಾತ್ರ ಓದಲು ಬರುತ್ತದೆ.

ಹುಡುಗನಿಗೆ ಹದಿಮೂರು ತುಂಬಿದಾಗ 'ಬಾರ್ ಮಿಟ್ಸ್ವಾ' ಬರುತ್ತದೆ, ಹುಡುಗಿಗೆ ಹನ್ನೆರಡಕ್ಕೆ 'ಬಾಟ್ ಮಿಟ್ಸ್ವಾ'. ಅಲ್ಲಿಂದ ಮುಂದೆ ಧರ್ಮದ ಹೊಣೆ ಅವರದೇ. ಆ ಸಂದರ್ಭಕ್ಕೆ ಹುಡುಗ ಸಿನಗಾಗಿನಲ್ಲಿ, ಉದಾರ ಪಂಥಗಳಲ್ಲಿ ಹುಡುಗಿಯೂ, ಇಡೀ ಊರ ಜನರೆದುರು ನಿಂತು ತೋರಾದ ಸುರುಳಿಯಿಂದ ಓದುವ ರೂಢಿ ಇದೆ. ಆ ಸುರುಳಿಯಲ್ಲಿ ಸ್ವರದ ಚುಕ್ಕಿಯೂ ಇಲ್ಲ, ರಾಗದ ಗುರುತೂ ಇಲ್ಲ. ತಿಂಗಳುಗಟ್ಟಲೆ ತಯಾರಿ ಬೇಕು. ಏಳನೇ ತರಗತಿಯ ಮಗು ತಾನು ಕಲಿತದ್ದನ್ನು ಅಜ್ಜ, ಅಜ್ಜಿ, ನೆರೆಹೊರೆಯವರ ಮುಂದೆ ತೋರಿಸುವ ದಿನ ಅದು. ನಮ್ಮ ಮಗು ಏಳನೇ ಇಯತ್ತೆಯಲ್ಲಿ ಕನ್ನಡದಲ್ಲಿ ಕಲಿತದ್ದನ್ನು ಯಾರ ಮುಂದೆ ತೋರಿಸುತ್ತದೆ? ಹೆಚ್ಚೆಂದರೆ ಜನವರಿ 26ಕ್ಕೆ ಒಂದು ಭಾಷಣ, ಅದೂ ನಾವು ಬರೆದುಕೊಟ್ಟದ್ದು.

ಕಲಿಸುವ ರೀತಿಯಲ್ಲೂ ನೋಡುವಂಥದ್ದಿದೆ. ತಾಲ್ಮುದ್ ಓದುವವರು ಇಬ್ಬಿಬ್ಬರು ಜೋಡಿಯಾಗಿ ಕೂಡುತ್ತಾರೆ. ಇದಕ್ಕೆ 'ಹವ್ರೂತಾ' ಅನ್ನುತ್ತಾರೆ. ಒಬ್ಬ ಓದಿ ಅರ್ಥ ಹೇಳಿದರೆ ಇನ್ನೊಬ್ಬ ಅದನ್ನು ಪ್ರಶ್ನಿಸಬೇಕು. ಕೋಣೆ ತುಂಬ ಗದ್ದಲ, ಆದರೆ ಎಲ್ಲ ಓದಿನ ಗದ್ದಲ! ನಮ್ಮಲ್ಲಿ ಹಾಗೆ ಗದ್ದಲವಾದರೆ ಕೇಂದ್ರಪ್ರಮುಖರು ಬಂದು ವರ್ಗ ಹಿಡಿತದಲ್ಲಿಲ್ಲ ಅಂತ ಬರೆದು ಹೋಗುತ್ತಾರೆ. ಇರಲಿ.

ಎರಡು ಓದುಗಳು ಒಂದಕ್ಕೊಂದು ಕೈಹಿಡಿಯುವುದೂ ಇದೆ. ಯಹೂದಿ ಪಂಚಾಂಗ ನಮ್ಮದರಂತೆ ಚಂದ್ರನ ತಿಂಗಳು, ಸೂರ್ಯನ ವರ್ಷ ಎರಡನ್ನೂ ಹೊಂದಿಸುತ್ತದೆ. 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ನಮ್ಮ ಅಧಿಕ ಮಾಸವೂ ಸುಮಾರು ಇದೇ ಲೆಕ್ಕಕ್ಕೆ ಬರುತ್ತದೆ. ಮಕ್ಕಳಿಗೆ ಲೆಕ್ಕ ಹಾಕಿಸಿ ನೋಡಿ. 19 ವರ್ಷವೆಂದರೆ 228 ತಿಂಗಳು, ಕೂಡಿಸಿದ್ದು 7, ಒಟ್ಟು 235. ಚಂದ್ರನ ತಿಂಗಳು 29.53 ದಿನದಂತೆ 6939.55 ದಿನ. ಸೂರ್ಯನ ವರ್ಷ 365.24 ದಿನದಂತೆ 19 ವರ್ಷಕ್ಕೆ 6939.56 ದಿನ. ಎರಡೂ ಹೆಚ್ಚುಕಡಿಮೆ ಒಂದೇ! ದಶಾಂಶದ ಗುಣಾಕಾರವೂ ಆಯಿತು, ಖಗೋಳವೂ ಆಯಿತು, ಹಬ್ಬ ಯಾಕೆ ಹಿಂದೆ ಮುಂದೆ ಆಗುತ್ತದೆ ಅಂತಲೂ ತಿಳಿಯಿತು. ಇಂಥ ಪಾಠದಲ್ಲಿ ಯಾವುದು ಪರಂಪರೆ, ಯಾವುದು ವಿಜ್ಞಾನ ಅಂತ ಗೆರೆ ಎಳೆಯುವುದು ಹೇಗೆ?

ಶಿಕ್ಷಕನಾಗಿ ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಊರೂರಿಗೆ ಶಿಕ್ಷಕರನ್ನು ನೇಮಿಸಿ ಆರೇಳು ವರ್ಷದ ಮಕ್ಕಳನ್ನು ಓದಿಗೆ ಹಚ್ಚುವ ಏರ್ಪಾಟನ್ನು ತಾಲ್ಮುದ್ ಒಂದನೇ ಶತಮಾನದ ಪ್ರಧಾನ ಪುರೋಹಿತ ಯೆಹೋಶುವ ಬೆನ್ ಗಮ್ಲಾನ ಹೆಸರಿಗೆ ಹೇಳುತ್ತದೆ. ಒಬ್ಬ ಶಿಕ್ಷಕನಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಶಿಕ್ಷಕರು ಎಂಬ ಲೆಕ್ಕವೂ ಅಲ್ಲೇ ಇದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಲಿ, ವಿಜ್ಞಾನ-ಗಣಿತ, ಸಮಾಜ, ಭಾಷೆ ಈ ಮೂರಕ್ಕೂ ಒಬ್ಬೊಬ್ಬರಿರಲಿ ಅನ್ನುತ್ತದೆ. ಅವರು ಆ ಲೆಕ್ಕವನ್ನು ಧರ್ಮಗ್ರಂಥದಲ್ಲೇ ಬರೆದಿಟ್ಟುಕೊಂಡಿದ್ದರು.

ಹಾಗಂತ ಅಲ್ಲಿ ಎಲ್ಲ ಚಂದ ಅಂತ ನಾನು ಹೇಳುವುದಿಲ್ಲ. ಮೊದಲನೆಯದು ಹಣ. ಅಮೆರಿಕೆಯ ಈ ಶಾಲೆಗಳು ಖಾಸಗಿ. ದೊಡ್ಡ ನಗರಗಳಲ್ಲಿ ಒಂದು ಮಗುವಿನ ವರ್ಷದ ಫೀ ಹತ್ತಾರು ಸಾವಿರ ಡಾಲರ್. ಮೂರು ಮಕ್ಕಳಿರುವ ಮಧ್ಯಮ ವರ್ಗದ ಮನೆ ಸಹಾಯಧನಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಮಕ್ಕಳ ದಿನವೂ ಉದ್ದ, ಚೀಲವೂ ಭಾರ.

ಎರಡನೆಯದು ಇನ್ನೂ ಗಂಭೀರ. ನ್ಯೂಯಾರ್ಕಿನ ಕೆಲವು ಹಸೀದಿ ಪಂಥದ ಗಂಡುಮಕ್ಕಳ ಶಾಲೆಗಳಲ್ಲಿ ದಿನವಿಡೀ ಧರ್ಮಗ್ರಂಥ, ಇಂಗ್ಲಿಷ್ ಮತ್ತು ಗಣಿತಕ್ಕೆ ಕೊನೆಯ ಸ್ವಲ್ಪ ಹೊತ್ತು, ಹದಿಮೂರಾದ ಮೇಲೆ ಅದೂ ಇಲ್ಲ ಎಂದು ಅಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳೇ ದೂರು ಎತ್ತಿದರು. ಖಾಸಗಿ ಶಾಲೆಯ ಕಲಿಕೆ ಸರಕಾರಿ ಶಾಲೆಗೆ ಸಮನಾಗಿರಬೇಕು ಎಂಬ ಕಾನೂನು ಆ ರಾಜ್ಯದಲ್ಲಿ ಹಳೆಯದು. ಅದನ್ನು ಜಾರಿಗೊಳಿಸುವ ನಿಯಮಗಳನ್ನು ರಾಜ್ಯದ ಶಿಕ್ಷಣ ಮಂಡಳಿ 2022ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಜಗ್ಗಾಟ ಆಮೇಲೂ ನಡೆಯಿತು. ಪರಂಪರೆಯ ಹೆಸರಲ್ಲಿ ಮಗುವಿಗೆ ಲೆಕ್ಕ ಬಾರದಂತೆ ಮಾಡಿದರೆ ಆ ಮಗುವಿಗೆ ಉತ್ತರ ಕೊಡುವವರು ಯಾರು?

ಮೂರನೆಯದು ಇದಕ್ಕೆ ತದ್ವಿರುದ್ಧ. ಲಂಡನ್ನಿನಲ್ಲಿ 1732ರಲ್ಲಿ ಸುರುವಾದ ಯಹೂದಿ ಫ್ರೀ ಸ್ಕೂಲ್ 1900ರ ಹೊತ್ತಿಗೆ ಸುಮಾರು 4,000 ಮಕ್ಕಳಿದ್ದ ಬೃಹತ್ ಶಾಲೆ. ವಲಸೆ ಬಂದ ಬಡ ಮಕ್ಕಳಿಗೆ ಓದು, ಬಟ್ಟೆ ಎಲ್ಲ ಕೊಟ್ಟಿತು. ಆದರೆ ಮನೆಯಿಂದ ತಂದ ಯಿಡ್ಡಿಶ್ ಭಾಷೆಯನ್ನು ಬಿಡಿಸಿ ಅವರನ್ನು ಇಂಗ್ಲಿಷರನ್ನಾಗಿ ಮಾಡುವುದೂ ಅದರ ಗುರಿಯಾಗಿತ್ತು. ಧರ್ಮ ಉಳಿಯಿತು, ತಾಯಿಯ ಮಾತು ಹೋಯಿತು. ಶಾಲೆ ನಮ್ಮವರದೇ ಆದರೂ ನಮ್ಮ ಭಾಷೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಮ್ಮ ಮಹಾರಾಷ್ಟ್ರದಲ್ಲೇ ನೋಡಿ. ಕೊಂಕಣದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳಿಗೆ ಶನಿವಾರ ರಜೆ ಹಿಡಿಯುವುದರಿಂದ 'ಶನಿವಾರ ತೇಲಿ' ಎಂಬ ಹೆಸರಿತ್ತು. ಅವರ ಮನೆಮಾತು ಮರಾಠಿ. 1875ರಲ್ಲಿ ಅವರ ಸಮಾಜದ ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮಕರ್ ಮುಂಬಯಿಯಲ್ಲಿ ಸುರುಮಾಡಿದ ಶಾಲೆ ಮುಂದೆ ಸರ್ ಎಲಿ ಕಡೂರಿ ಶಾಲೆ ಎಂದಾಯಿತು. ಉಳಿದ ವಿಷಯಗಳ ಜತೆ ಹೀಬ್ರೂ ಕಲಿಸುವುದು ಉದ್ದೇಶ. 1948ರ ನಂತರ ಆ ಸಮಾಜದ ಬಹುಪಾಲು ಇಸ್ರೇಲಿಗೆ ಹೋಯಿತು. ಕಲಕತ್ತೆಯಲ್ಲಿ 1881ರಲ್ಲಿ ಸುರುವಾದ ಯಹೂದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಈಗ ಓದುವವರು ಬಹುತೇಕ ಮುಸ್ಲಿಂ ಹುಡುಗಿಯರು. ಹೆಣ್ಣುಮಕ್ಕಳು ಓದುತ್ತಿದ್ದಾರಲ್ಲ, ಅದು ಸಂತೋಷವೇ. ಆದರೆ ಮಕ್ಕಳೇ ಇಲ್ಲದ ಮೇಲೆ ಯಾವ ಶಾಲೆಯೂ ಒಂದು ಪರಂಪರೆಯನ್ನು ಹಿಡಿದಿಡಲಾರದು ಎಂಬುದೂ ನಿಜ.

ಈಗ ನಮ್ಮ ಮಾತಿಗೆ ಬರುತ್ತೇನೆ. ಅವರ ಶಾಲೆಯಲ್ಲಿರುವುದು ಧರ್ಮ, ನಮ್ಮದು ಭಾಷೆ. ಸರಕಾರಿ ಶಾಲೆಯಲ್ಲಿ ಧರ್ಮ ಬೋಧನೆ ಇಲ್ಲ ಅಂತ ಸಂವಿಧಾನದ 28ನೇ ಕಲಮು ಹೇಳುತ್ತದೆ, ಹಾಗೇ ಇರಬೇಕು. ನಮ್ಮ ವರ್ಗದಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳಿದ್ದಾರೆ. ಹಾಗಾಗಿ ನಾನು ಅವರನ್ನು ನಕಲು ಮಾಡಿ ಅನ್ನುತ್ತಿಲ್ಲ. ಒಂದು ಮಾತನ್ನು ಮಾತ್ರ ಕಲಿಯಬೇಕು ಅನ್ನುತ್ತೇನೆ. ಎರಡು ಓದಿನಲ್ಲಿ ಯಾವುದನ್ನು ನೆಪಕ್ಕೆ ಕಲಿಸಿದರೂ ಮಗು ಅದನ್ನು ಬಿಡುತ್ತದೆ, ಪಾಲಕರೂ ಬಿಡಿಸುತ್ತಾರೆ.

ಸಂವಿಧಾನದ 350ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲದ ಮಾತಾಡುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಬಗ್ಗೆ. ಆರನೇ ಇಯತ್ತೆಗೆ ಕಾಲಿಟ್ಟ ಮಗುವಿಗೆ ಆ ಆಸರೆ ಸಡಿಲವಾಗುತ್ತದೆ. ಅಲ್ಲಿಂದ ಮುಂದೆ ಹಿಡಿದು ನಿಲ್ಲಿಸಬೇಕಾದವರು ನಾವು, ಪಾಲಕರು, ಊರವರು.

ಮೊದಲು ನಮ್ಮ ಗಣಿತ, ವಿಜ್ಞಾನ, ಇಂಗ್ಲಿಷ್ ಗಟ್ಟಿಯಾಗಲಿ. ಅಲ್ಲಿ ನಾವು ಸೋತರೆ ಆ ಪಾಲಕರ ಮಾತೇ ಖರೆ, ಕನ್ನಡದ ಅಭಿಮಾನ ಹೇಳಿ ಅವರ ಬಾಯಿ ಮುಚ್ಚಿಸುವ ಹಕ್ಕು ನಮಗಿಲ್ಲ. ಮರಾಠಿಯನ್ನೂ ಚೆನ್ನಾಗಿ ಕಲಿಸೋಣ, ಅದು ಮಕ್ಕಳ ಅನ್ನದ ಭಾಷೆ. ಇನ್ನು ಕನ್ನಡದ ಓದು ಪಾಠ್ಯಪುಸ್ತಕದ ಹೊರಗೂ ಹೋಗಲಿ. ಬಾಲಭಾರತಿಯವರು ಕನ್ನಡದಲ್ಲಿ ಪುಸ್ತಕ ಮುದ್ರಿಸಿ ಕೊಡುತ್ತಾರೆ, ಅದು ದೊಡ್ಡ ಉಪಕಾರ. ಆದರೆ ಬಸವಣ್ಣನವರು ಕೆಲಸ ಮಾಡಿದ ಮಂಗಳವೇಢೆ, ಸಿದ್ಧರಾಮರ ಸೊನ್ನಲಿಗೆ ಎರಡೂ ಇದೇ ಸೊಲ್ಲಾಪುರ ಜಿಲ್ಲೆಯಲ್ಲಿವೆ ಎಂಬುದನ್ನು ಇತಿಹಾಸವಾಗಿ ತೋರಿಸಬೇಕಾದವರು ನಾವು. ಆಮೇಲೆ ಏಳನೇ ಇಯತ್ತೆಯ ಪ್ರತಿ ಮಗುವೂ ವರ್ಷಕ್ಕೊಮ್ಮೆ ಊರ ಕಟ್ಟೆಯ ಮೇಲೆ ನಿಂತು, ತಾನೇ ಅಜ್ಜ ಅಜ್ಜಿಯರನ್ನು ಕೇಳಿ ಬರೆದ ಊರಿನ ಕಥೆಯ ನಾಲ್ಕು ಪುಟ ಓದಲಿ. ಇದಕ್ಕೆ ಖರ್ಚಿಲ್ಲ, ಯಾವ ಆದೇಶವೂ ಬೇಕಿಲ್ಲ.

ಆ ಪಾಲಕರಿಗೆ ಎಲ್.ಸಿ. ಬರೆದುಕೊಟ್ಟೆ. ಮಗಳು ಅವರದು, ತೀರ್ಮಾನವೂ ಅವರದು. ಹೊರಡುವಾಗ "ಭಾನುವಾರಕ್ಕೊಮ್ಮೆ ಕಳಸ್ರಿ, ಕನ್ನಡ ಮರಿಬಾರದು" ಅಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ನ್ಯೂಯಾರ್ಕಿನ ಯಹೂದಿಗಳು ಸೋತು ಬಿಟ್ಟ ದಾರಿಯನ್ನೇ ನಾನು ಅವರಿಗೆ ತೋರಿಸಿದ್ದೆ. ಬರುವ ಜೂನಿನಲ್ಲಿ ಇನ್ನೊಂದು ತಂಡ ಐದರಿಂದ ಆರಕ್ಕೆ ಬರುತ್ತದೆ. ಅವರ ಪಾಲಕರು ಬಾಗಿಲಿಗೆ ಬರುವ ಮೊದಲೇ ನಮ್ಮ ಓದು ಖರೇ ಆಗಿರಬೇಕು. ನೀವೇನಂತೀರಿ?