ಬಿಟ್ಟುಕೊಡುವುದಕ್ಕಾಗಿ ಸಾಕಿದ ಮರಿ

ಶಾಲೆಯ ಪರೀಕ್ಷಾಫಲವನ್ನೂ ಕಟ್ಟಡನಿಧಿಯನ್ನೂ ಕುರಿತು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿರುವರು. ನಾನು ಒಂದು ನಾಯಿಮರಿಯ ವಿಷಯವಾಗಿ ಬರೆಯುವೆನು. ಮುಖ್ಯೋಪಾಧ್ಯಾಯಿನಿಗೆ ಇದಕ್ಕಿಂತ ಗಂಭೀರವಾದ ವಿಷಯ ದೊರೆಯಲಿಲ್ಲವೇ ಎಂದು ಕೇಳುವ ತಂದೆತಾಯಿಗಳು ಓದಿದ ಮೇಲೆ ಕೇಳಲಿ.

ಕಳೆದ ಮಳೆಗಾಲದಲ್ಲಿ ಎಂಟನೆಯ ತರಗತಿಯ ಮೂವರು ಹುಡುಗಿಯರು ಚರಂಡಿಯಲ್ಲಿ ಸಿಕ್ಕಿದ ಸುಮಾರು ಆರು ವಾರದ ಮರಿಯೊಂದನ್ನು ಕೊಡೆಯ ಮರೆಯಲ್ಲಿ ಎತ್ತಿಕೊಂಡು ಬಂದರು. ಎರಡು ದಿವಸ ಹುಡುಕಿಸಿದರೂ ತಾಯಿ ಕಾಣಲಿಲ್ಲ. ಮರಿಯ ಉಗುರು ತಾಗಿದ್ದವಳ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆಯಿಸಿ, ಅಂದೇ ವೈದ್ಯರ ಬಳಿಗೆ ಕಳುಹಿಸಿದೆನು. ಹುಚ್ಚುನಾಯಿರೋಗದ ವಿಷಯದಲ್ಲಿ ಮರಿಯೆಂದು ಅಲಕ್ಷ್ಯ ಮಾಡತಕ್ಕುದಲ್ಲ. ಆ ಬಳಿಕ ನನ್ನ ಜಗಲಿಯ ಮೂಲೆಯಲ್ಲಿ ಗೋಣಿತಾಟನ್ನು ಹಾಸಿದೆವು.

ಕರುಣೆಯೊಂದೇ ಸಾಲದು. ಬಟ್ಟಲು ತುಂಬ ಹಸುವಿನ ಹಾಲನ್ನಿಟ್ಟರೆ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಮೆತ್ತಗೆ ಬೆಂದ ಅನ್ನವನ್ನೂ ಕೋಳಿಮಾಂಸದ ಚೂರುಗಳನ್ನೂ ದಿನಕ್ಕೆ ನಾಲ್ಕಾವರ್ತಿ ಕೊಟ್ಟೆವು. ಪಶುವೈದ್ಯರು ಜಂತಿನ ಔಷಧವನ್ನೂ ಮೊದಲನೆಯ ಚುಚ್ಚುಮದ್ದನ್ನೂ ಕೊಟ್ಟರು. ಮುಂದಿನವು ಮೂರು ನಾಲ್ಕು ವಾರಗಳಿಗೊಮ್ಮೆ, ರೇಬೀಸಿನದು ಮೂರನೆಯ ತಿಂಗಳಲ್ಲಿ. ಪಾರ್ವೋ ರೋಗದ ಭಯದಿಂದ ಎರಡು ವಾರ ಬೇರೆ ನಾಯಿಗಳ ಸಮೀಪಕ್ಕೆ ಬಿಡಲಿಲ್ಲ.

“ಕೊನೆಗೆ ಬಿಟ್ಟುಕೊಡುವುದಾದರೆ ಮಕ್ಕಳಿಗೆ ಆಸೆ ಹುಟ್ಟಿಸುವುದೇತಕ್ಕೆ, ಟೀಚರ್?” ಎಂದು ಒಬ್ಬ ತಾಯಿ ನನ್ನನ್ನು ಆಕ್ಷೇಪಿಸಿದರು. ಆಕೆಯ ಮಾತು ನ್ಯಾಯವಾಗಿ ಕಂಡರೂ ನಾನು ಒಪ್ಪಲಾರೆ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದ ತನಕ ಮರಿಯು ಮನುಷ್ಯರನ್ನು ನಂಬಲು ಕಲಿಯುವ ಕಾಲ. ಆ ಕಾಲದಲ್ಲಿ ನಮ್ಮ ಜಗಲಿಯಲ್ಲಿ ಕಲಿತದ್ದನ್ನು ಅದು ಮುಂದಿನ ಮನೆಗೆ ಕೊಂಡೊಯ್ಯುವುದು. ನಾನೇ ಇಟ್ಟುಕೊಂಡೆನಾದರೆ ಇನ್ನೊಂದು ಮರಿಗೆ ಎಡೆಯೆಲ್ಲಿ?

ಆದರೆ ಬಿಟ್ಟುಕೊಡುವುದರಲ್ಲಿಯೂ ಒಂದು ಕ್ರಮವಿದೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಅನೇಕ ವರ್ಷಗಳ ಹಿಂದೆ ಒಂದು ಗಂಡುಮರಿಯನ್ನು, ಮೊದಲು ಕೇಳಿದವರ ಕೈಗೆ, ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟೆನು. ಭಾರ ಇಳಿದರೆ ಸಾಕೆಂದಿತ್ತು. ನಾಲ್ಕು ತಿಂಗಳ ಮೇಲೆ ಆ ದಾರಿಯಾಗಿ ಹೋದಾಗ ಅದು ಮೊಳದುದ್ದದ ಹಗ್ಗದಲ್ಲಿ, ಬಿಸಿಲಲ್ಲಿ, ಕಂಬಕ್ಕೆ ಕಟ್ಟಲ್ಪಟ್ಟಿತ್ತು. ನನ್ನನ್ನು ಗುರುತಿಸಿತು. ಇಂಥದ್ದನ್ನು 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯು ಅಪರಾಧವೆನ್ನುತ್ತದೆ. ಆದರೆ ಕಾಯಿದೆಯು ಪ್ರತಿ ಮನೆಯ ಗೇಟಿನಲ್ಲಿ ನಿಂತಿರುವುದಿಲ್ಲ. ಕೊಟ್ಟವಳು ಮೊದಲೇ ಹೋಗಿ ನೋಡಬೇಕಾಗಿತ್ತು.

ಆದಕಾರಣ ಈ ಸಲ ಬಂದವರನ್ನೆಲ್ಲ ಪ್ರಶ್ನೆಗಳಿಂದ ಬೇಸರಪಡಿಸಿದೆನು. ಹಗಲು ಮನೆಯಲ್ಲಿ ಯಾರಿರುವರು? ರಜೆಯಲ್ಲಿ ಊರಿಗೆ ಹೋದರೆ ಮರಿಯ ಗತಿಯೇನು? ಬಾಡಿಗೆಮನೆಯಾದರೆ ಯಜಮಾನರ ಒಪ್ಪಿಗೆಯಿದೆಯೇ? ಬಂದವರು ಆರು ಮಂದಿ. ಅವರಲ್ಲಿ ನಾಲ್ವರು ಮರಿಯನ್ನು ಎತ್ತಿ ಮುದ್ದಿಸಿ, ಅದು ಹೆಣ್ಣೆಂದು ತಿಳಿದೊಡನೆ ಕೆಳಗಿಳಿಸಿದರು. “ಹೆಣ್ಣು ಬೇಡ, ಟೀಚರ್.” ಹೆಣ್ಣುಮಕ್ಕಳ ಶಾಲೆಯ ಆವರಣದಲ್ಲಿ ಈ ಮಾತನ್ನು ನಾಲ್ಕು ಸಾರಿ ಕೇಳಿದೆನು, ಒಂದು ಸಾರಿ ನನ್ನ ಹಳೆಯ ವಿದ್ಯಾರ್ಥಿನಿಯ ಬಾಯಿಂದಲೇ. ಮರಿಗಳು ಹೆಚ್ಚುವವೆಂಬ ಭಯ ಸುಳ್ಳಲ್ಲ. ಆದರೆ ಸುಮಾರು ಆರು ತಿಂಗಳಾದಾಗ ಪಶುವೈದ್ಯರು ಮಾಡುವ ಶಸ್ತ್ರಚಿಕಿತ್ಸೆಯಿಂದ ಆ ಭಯ ತೀರುತ್ತದೆ. ಇದನ್ನು ಹೇಳಿದರೂ ಆಕೆ ಕೇಳಲಿಲ್ಲ.

ಐದನೆಯವರಿಗೆ ಹಗಲೆಲ್ಲ ಮನೆಗೆ ಬೀಗ. ಆರನೆಯವರು ವಯಸ್ಸಾದ ದಂಪತಿಗಳು. ನಾನು ಮನೆಯನ್ನು ನೋಡಿ ಬಂದೆನು, ಶಸ್ತ್ರಚಿಕಿತ್ಸೆಗೂ ಒಪ್ಪಿದರು. ಅವರು ಮರಿಯನ್ನು ಒಯ್ದ ಸಾಯಂಕಾಲ ಕೊಡೆ ಹಿಡಿದಿದ್ದ ಹುಡುಗಿಯು ಬಾವಿಕಟ್ಟೆಯ ಹಿಂದೆ ಕುಳಿತು ಅತ್ತಳು. ನಾನು ಬೇಗನೆ ಸಮಾಧಾನಪಡಿಸಲು ಹೋಗಲಿಲ್ಲ. ಮರುದಿವಸ ಆಕೆಯೇ ಗೋಣಿತಾಟನ್ನು ಒಗೆದು ಒಣಗಹಾಕಿದಳು.

ನನ್ನ ಜಗಲಿಯಲ್ಲಿ ಒಂದೇ ಮೂಲೆಯಿರುವುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಾದರೂ ನಾಲ್ಕೈದು ವಾರಗಳ ಮಟ್ಟಿಗೆ ಅಂಥ ಎಡೆಯಿದ್ದರೆ ಮುಂದಿನ ಮಳೆಗಾಲಕ್ಕೆ ಮುಂಚೆ ನನಗೆ ತಿಳಿಸಬೇಕೆಂದು ಬೇಡುತ್ತೇನೆ. ಹೆಣ್ಣುಮರಿಯಾದರೂ ಒಪ್ಪಿಗೆಯೇ ಎಂಬುದನ್ನೂ ಬರೆಯಿರಿ.